ಕಾಣುವುದು ಬೇರೆ, ಕಾಣಿಸಿಕೊಳ್ಳುವುದು ಬೇರೆ: ಇರುಳ ರಸ್ತೆ ಮತ್ತು ಸೈಕಲ್ ಸವಾರ

2024ರ ಫೆಬ್ರವರಿ 28ರ ಬೆಳಗಿನ ಜಾವ ಆರು ಗಂಟೆಗೆ ಮೊದಲೇ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಸಂಗಾತಿಗಳೊಡನೆ ಸೈಕಲ್ ತುಳಿಯುತ್ತಿದ್ದ ಅವತಾರ್ ಸೈನಿ ಅವರಿಗೆ ಹಿಂದಿನಿಂದ ಬಂದ ಟ್ಯಾಕ್ಸಿಯೊಂದು ಗುದ್ದಿತು. ಅವರು ಬದುಕುಳಿಯಲಿಲ್ಲ. ಇಂಟೆಲ್ ಸಂಸ್ಥೆಯ ಭಾರತ ವಿಭಾಗದ ಮುಖ್ಯಸ್ಥರಾಗಿದ್ದ, ಪೆಂಟಿಯಂ ಚಿಪ್ಪಿನ ವಿನ್ಯಾಸದಲ್ಲಿ ಮಹತ್ವದ ಪಾತ್ರ ವಹಿಸಿದ್ದ ಅವರಿಗೆ ಆಗ 68 ವರ್ಷ ವಯಸ್ಸು. ಫೆಬ್ರವರಿಯ ಕೊನೆಯಲ್ಲಿ ಮುಂಬಯಿ ಪ್ರದೇಶದಲ್ಲಿ ಸೂರ್ಯೋದಯವಾಗುವುದು ಏಳು ಗಂಟೆಯ ಹೊತ್ತಿಗೆ. ಅಂದರೆ ಗಡಿಯಾರ ಬೆಳಗೆಂದು ಹೇಳುತ್ತಿದ್ದರೂ ರಸ್ತೆಯ ಮೇಲೆ ಇನ್ನೂ ಇರುಳೇ ಇತ್ತು. ಆ ಅಪಘಾತದಲ್ಲಿ ಯಾರ ತಪ್ಪು ಎಷ್ಟು ಎಂದು ತೀರ್ಮಾನಿಸುವುದು ನ್ಯಾಯಾಲಯಕ್ಕೆ ಬಿಟ್ಟ ವಿಚಾರ, ನಾವು ಅದಕ್ಕೆ ಕೈಹಾಕುವುದಿಲ್ಲ. ಆದರೆ ಆ ಸುದ್ದಿಯು ನಗರವಾಸಿಗಳಾದ ನಮ್ಮೆಲ್ಲರ ಮುಂದೆ ಒಂದು ಪ್ರಶ್ನೆಯನ್ನು ಇರಿಸಿತು. ಕತ್ತಲಲ್ಲಿ ಸೈಕಲ್ ತುಳಿಯುವವನು ವಾಹನ ಚಾಲಕನ ಕಣ್ಣಿಗೆ ಬೀಳುತ್ತಾನೆಯೇ?

ಸೈನಿ ಅವರು ಪ್ರಸಿದ್ಧರಾಗಿದ್ದರಿಂದ ಅವರ ಮರಣ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಹಾಗೆ ಬಾರದೆ ಹೋಗುವವರ ಸಂಖ್ಯೆ ಬಹು ದೊಡ್ಡದು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ಪ್ರಕಟಿಸಿದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರ ಪೈಕಿ ಸೈಕಲ್ ಸವಾರರು 4,836. ದಿನಕ್ಕೆ ಹದಿಮೂರು ಮಂದಿ ಎಂದಾಯಿತು. ಅದೇ ವರದಿಯ ಇನ್ನೊಂದು ಅಂಶ ಗಮನಾರ್ಹ. ಇಪ್ಪತ್ತನಾಲ್ಕು ಗಂಟೆಗಳನ್ನು ಮೂರು ಮೂರು ತಾಸುಗಳಾಗಿ ವಿಂಗಡಿಸಿದರೆ ಅತಿ ಹೆಚ್ಚು ಅಪಘಾತಗಳು ಸಂಭವಿಸುವುದು ಸಂಜೆ ಆರರಿಂದ ಒಂಬತ್ತರ ನಡುವೆ. ಒಟ್ಟು ಅಪಘಾತಗಳ ಸುಮಾರು ಐದನೆಯ ಒಂದು ಪಾಲು ಈ ಮೂರು ತಾಸುಗಳಲ್ಲೇ ನಡೆಯುತ್ತದೆ. ಬೆಳಕು ಜಾರಿ ಕತ್ತಲು ಇಳಿಯುವ ಹೊತ್ತು ಅದು. ದುಡಿದವರು ಮನೆಗೆ ಮರಳುವ ಹೊತ್ತೂ ಅದೇ.

ನ್ಯಾಯಾಲಯದ ಆದೇಶ ಮತ್ತು ಅದರ ಎರಡು ದಾರಿಗಳು

ಈ ವಿಷಯವನ್ನು ಈಗ ಚರ್ಚಿಸಲು ಇನ್ನೊಂದು ಕಾರಣವಿದೆ. ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ ಅವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ರಸ್ತೆ ಸುರಕ್ಷತೆಯ ಅರ್ಜಿಯಲ್ಲಿ 2025ರ ಅಕ್ಟೋಬರ್ 7ರಂದು ಒಂದು ವಿಸ್ತಾರವಾದ ಆದೇಶ ಹೊರಬಿದ್ದಿತು. ಕಾಲುದಾರಿಗಳ ಪರಿಶೀಲನೆ, ಹೆಲ್ಮೆಟ್ ನಿಯಮದ ಪಾಲನೆ, ಪಥ ತಪ್ಪಿ ಓಡಿಸುವವರ ನಿಯಂತ್ರಣ ಮೊದಲಾದವುಗಳ ಜೊತೆಗೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಎರಡು ನಿರ್ದೇಶನಗಳು ಅದರಲ್ಲಿವೆ. ಮೊದಲನೆಯದು, ಕಣ್ಣು ಕೋರೈಸುವ ವಾಹನ ದೀಪಗಳನ್ನು ಕುರಿತದ್ದು. ಹೆಡ್‌ಲೈಟುಗಳ ಪ್ರಖರತೆಗೂ ಬೆಳಕಿನ ಕೋನಕ್ಕೂ ಮಿತಿ ಗೊತ್ತುಪಡಿಸಿ, ಹೊಗೆ ತಪಾಸಣೆ ಹಾಗೂ ವಾಹನ ಅರ್ಹತಾ ಪರೀಕ್ಷೆಯ ಕಾಲದಲ್ಲಿ ಅದನ್ನು ಪರಿಶೀಲಿಸಬೇಕೆಂದು ನ್ಯಾಯಾಲಯ ಸೂಚಿಸಿತು. ಎರಡನೆಯದು, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 138(1ಎ) ಎಂಬ ಉಪವಿಧಿಯನ್ನು ಕುರಿತದ್ದು. ಯಂತ್ರಬಲವಿಲ್ಲದ ವಾಹನಗಳು ಮತ್ತು ಪಾದಚಾರಿಗಳು ಸಾರ್ವಜನಿಕ ಸ್ಥಳಗಳಲ್ಲೂ ರಾಷ್ಟ್ರೀಯ ಹೆದ್ದಾರಿಗಳಲ್ಲೂ ಸಂಚರಿಸುವ ಬಗ್ಗೆ ನಿಯಮ ರಚಿಸುವ ಅಧಿಕಾರವನ್ನು ಈ ವಿಧಿ ರಾಜ್ಯಗಳಿಗೆ ಕೊಡುತ್ತದೆ. ನಿಯಮಗಳನ್ನು ಇನ್ನೂ ರಚಿಸದ ರಾಜ್ಯಗಳು ಆರು ತಿಂಗಳೊಳಗೆ ರಚಿಸಬೇಕೆಂಬುದು ಆದೇಶ.

ಇಂತಹ ನಿಯಮಗಳಿಗೆ ಎರಡು ದಾರಿಗಳಿರುತ್ತವೆ. ಒಂದು, ಸೈಕಲ್ ಸವಾರನಿಗೆ ರಸ್ತೆಯ ಮೇಲೆ ಇಂತಿಷ್ಟು ಹಕ್ಕು, ಇಂತಿಷ್ಟು ಕರ್ತವ್ಯ ಎಂದು ಗುರುತಿಸಿ, ಅವನು ಇತರರಿಗೆ ಕಾಣುವಂತೆ ಮಾಡುವ ದಾರಿ. ಇನ್ನೊಂದು, ಅಪಾಯ ಹೆಚ್ಚು ಎಂಬ ನೆಪದಿಂದ ಅವನನ್ನು ರಸ್ತೆಯಿಂದಲೇ ಹೊರಗಟ್ಟುವ ದಾರಿ. ಮೇಲ್ಸೇತುವೆಗಳ ಮೇಲೆ, ವೇಗದ ರಸ್ತೆಗಳ ಮೇಲೆ ಸೈಕಲ್ ನಿಷೇಧದ ಫಲಕ ನಿಲ್ಲಿಸುವುದು ಸುಲಭ. ಬದಲಿ ದಾರಿ ಒದಗಿಸುವುದು ಕಷ್ಟ. ಯಾವ ರಾಜ್ಯ ಯಾವ ದಾರಿ ಹಿಡಿಯುವುದೆಂಬುದು ಸಾವಿರಾರು ದುಡಿಮೆಗಾರರ ಜೀವದ ಪ್ರಶ್ನೆ. ಅದನ್ನು ಸಾರಿಗೆ ಇಲಾಖೆಗೆ ಮಾತ್ರ ಬಿಟ್ಟು ನಾವು ಸುಮ್ಮನಿರುವುದು ಸಾಧುವಲ್ಲ.

ಇರುಳಲ್ಲಿ ಸೈಕಲ್ ತುಳಿಯುವವರು ಯಾರು?

ಸೈಕಲ್ಲೆಂದರೆ ಇಂದು ನಗರದ ಅನುಕೂಲಸ್ಥರಿಗೆ ನೆನಪಾಗುವುದು ಭಾನುವಾರ ಮುಂಜಾನೆ ಹೆಲ್ಮೆಟ್ ಧರಿಸಿ, ಬಣ್ಣದ ಬಿಗಿಯುಡುಪು ತೊಟ್ಟು ಹೊರಡುವ ಹವ್ಯಾಸಿಗಳು. ಅವರ ಸೈಕಲ್ಲಿಗೆ ಹಿಂದೆ ಮುಂದೆ ಮಿನುಗುವ ದೀಪಗಳಿರುವುದು ಸಾಮಾನ್ಯ. ಆದರೆ ದೇಶದ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. 2011ರ ಜನಗಣತಿಯಂತೆ ಬೇಸಾಯವಲ್ಲದ ಕೆಲಸಗಳಿಗೆ ಹೋಗುವವರಲ್ಲಿ ನೂರಕ್ಕೆ ಸುಮಾರು ಹದಿಮೂರು ಮಂದಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಅರ್ಧದಷ್ಟು ಮನೆಗಳಲ್ಲಿ ಸೈಕಲ್ ಇದೆ. ಇವರಲ್ಲಿ ಬಹುಪಾಲು ಜನರಿಗೆ ಅದು ವ್ಯಾಯಾಮದ ಸಾಧನವಲ್ಲ, ಹೊಟ್ಟೆಪಾಡಿನ ವಾಹನ.

ನಮ್ಮ ಮುಂಬಯಿಯನ್ನೇ ನೋಡೋಣ. ನಾವು ಏಳುವ ಮುನ್ನ ಬಾಗಿಲಿಗೆ ಬಂದು ಬೀಳುವ ಪತ್ರಿಕೆ, ಹಾಲಿನ ಪೊಟ್ಟಣ, ಪಾವ್ ಇವೆಲ್ಲವೂ ಎಷ್ಟೋ ಕಡೆ ಸೈಕಲ್ಲಿನ ಮೇಲೆ ಬರುವಂಥವು. ಭೋಂಪು ಒತ್ತುತ್ತಾ ಓಣಿಗೆ ಬರುವ ಇಡ್ಲಿ ಮಾರುವವನು, ನಡುರಾತ್ರಿ ರೈಲು ನಿಲ್ದಾಣದ ಬಳಿ ಕ್ಯಾನು ಕಟ್ಟಿಕೊಂಡು ಚಹಾ ಮಾರುವವನು, ರಾತ್ರಿ ಪಾಳಿಗೆ ಹೋಗುವ ಕಾವಲುಗಾರ, ಪಾಳಿ ಮುಗಿಸಿ ಮರಳುವ ಕಾರ್ಖಾನೆಯ ಕೆಲಸಗಾರ, ಇವರೆಲ್ಲರ ದುಡಿಮೆ ಕತ್ತಲಲ್ಲೇ ಶುರುವಾಗುತ್ತದೆ ಅಥವಾ ಕತ್ತಲಲ್ಲೇ ಮುಗಿಯುತ್ತದೆ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲಿ ಇಂದು ಸ್ಕೂಟರು ಕಾರುಗಳ ನಡುವೆ ಸೈಕಲ್ ಉಳಿಸಿಕೊಂಡಿರುವವರೂ ಹೆಚ್ಚಾಗಿ ಇಂಥವರೇ.

ಹೊರನಾಡ ಕನ್ನಡಿಗರಾದ ನಮಗೆ ಈ ಚಿತ್ರ ಪರಕೀಯವೇನಲ್ಲ. ಉಡುಪಿ ಹೋಟೆಲುಗಳಲ್ಲಿ ದುಡಿದು, ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ನಡುರಾತ್ರಿ ಬಿಡಾರ ಸೇರುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಇಂದು ಈ ನಗರದಲ್ಲಿ ನೆಲೆ ಕಂಡ ಕುಟುಂಬಗಳಾಗಿದ್ದಾರೆ. ಬ್ಯಾಂಕಿನವರಾದ ನಮಗಂತೂ ಇನ್ನೊಂದು ನೆನಪಿದೆ. 1928ರಲ್ಲಿ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿ ಯೋಜನೆ ಕರಾವಳಿಯ ಬ್ಯಾಂಕಿಂಗಿನ ಚಹರೆಯನ್ನೇ ಬದಲಿಸಿತು. ಅಂಗಡಿ ಮುಂಗಟ್ಟುಗಳು ಬಾಗಿಲು ಹಾಕುವ ಹೊತ್ತಿಗೆ ಹೋಗಿ ನಾಲ್ಕಾಣೆ ಎಂಟಾಣೆ ಸಂಗ್ರಹಿಸಿ ತರುತ್ತಿದ್ದ ಪಿಗ್ಮಿ ಏಜೆಂಟರಲ್ಲಿ ಎಷ್ಟೋ ಮಂದಿಗೆ ಸೈಕಲ್ಲೇ ಸಂಗಾತಿಯಾಗಿತ್ತು. ಅಂಥ ತಲೆಮಾರಿನಿಂದ ಬಂದ ನಾವು ಈಗ ಹೆಚ್ಚಾಗಿ ಸ್ಟೀರಿಂಗಿನ ಹಿಂದೆ ಕುಳಿತವರು. ಅಂದು ಸೈಕಲ್ ಸವಾರನ ಕಣ್ಣಿನಿಂದ ರಸ್ತೆ ಕಂಡ ಸಮುದಾಯ ಇಂದು ಚಾಲಕನ ಕಣ್ಣಿನಿಂದ ಅದನ್ನು ಕಾಣುತ್ತಿದೆ. ಎರಡೂ ಬದಿಗಳನ್ನು ಬಲ್ಲವರ ಮೇಲೆ ಹೊಣೆ ಸ್ವಲ್ಪ ಹೆಚ್ಚೇ ಇರುತ್ತದೆ.

ಭ್ರಮೆ ಎಲ್ಲಿದೆ?

ಸಮಸ್ಯೆಯ ಮೂಲದಲ್ಲಿ ಒಂದು ಸರಳವಾದ ಭ್ರಮೆ ಇದೆ. ಕತ್ತಲಲ್ಲಿ ಸೈಕಲ್ ತುಳಿಯುವವನಿಗೆ ದೂರದಿಂದಲೇ ಕಾರಿನ ದೀಪ ಎದ್ದು ಕಾಣುತ್ತದೆ. "ನನಗೆ ಅವನು ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ಅವನಿಗೆ ನಾನು ಕಾಣದಿರುವೆನೇ?" ಎಂದು ಮನಸ್ಸು ತಾನಾಗಿಯೇ ನಂಬಿಬಿಡುತ್ತದೆ. ಬೀದಿದೀಪದ ಕೆಳಗೆ ತನ್ನ ಕೈಕಾಲು ತನಗೆ ಕಾಣುವುದರಿಂದ ಆ ನಂಬಿಕೆ ಇನ್ನೂ ಬಲಗೊಳ್ಳುತ್ತದೆ. ವಾಸ್ತವದಲ್ಲಿ ಆತ ಬೆಳಕನ್ನು ನೋಡುತ್ತಿದ್ದಾನೆ, ಚಾಲಕನು ಕತ್ತಲನ್ನು ನೋಡುತ್ತಿದ್ದಾನೆ. ಕಾಣುವುದು ಬೇರೆ, ಕಾಣಿಸಿಕೊಳ್ಳುವುದು ಬೇರೆ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಇದೆಯೆಂದು ಕಣ್ಣಿಗೆ ಬಿದ್ದು, ಅದೇನೆಂದು ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಕಾರು 25 ಮೀಟರ್ ಕ್ರಮಿಸಿರುತ್ತದೆ. ಬಳಿಕ ಬ್ರೇಕು ಹಿಡಿದು ನಿಲ್ಲಲು ಒಣ ರಸ್ತೆಯಲ್ಲೂ ಇನ್ನು ಇಪ್ಪತ್ತು ಮೀಟರಿಗೂ ಹೆಚ್ಚು ಬೇಕು. ಒಟ್ಟಿನಲ್ಲಿ 45ರಿಂದ 50 ಮೀಟರ್. ಒದ್ದೆ ರಸ್ತೆಯಲ್ಲಿ ಇದು ಇನ್ನೂ ಬೆಳೆಯುತ್ತದೆ. ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ತೊಟ್ಟವನು ಚಾಲಕನಿಗೆ ಗೋಚರಿಸುವುದು ಸುಮಾರು 30 ಮೀಟರಿನಿಂದ ಈಚೆಗೆ. ಕಂಡ ಮೇಲೆ ನಿಲ್ಲಿಸಲು ಬೇಕಾದ ದೂರವೇ ಅಲ್ಲಿ ಉಳಿದಿರುವುದಿಲ್ಲ. ಚಾಲಕ ಎಚ್ಚರವಾಗಿದ್ದರೂ, ಕುಡಿಯದಿದ್ದರೂ, ಮೊಬೈಲು ನೋಡದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ವೇಗ 80ಕ್ಕೆ ಏರಿದರೆ ನಿಲ್ಲುವ ದೂರ 70 ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಬೆಳಕು ಮಾತ್ರ ಇದ್ದಷ್ಟೇ ಇರುತ್ತದೆ.

ಇದೇ ಸವಾರನ ಸೈಕಲ್ಲಿಗೆ ಒಂದು ಒಳ್ಳೆಯ ಪ್ರತಿಫಲಕ, ಅಂದರೆ ರಿಫ್ಲೆಕ್ಟರ್, ಇದ್ದರೆ ನೂರು ಮೀಟರಿಗೂ ಆಚೆಯಿಂದಲೇ ಅದು ಹೊಳೆಯುತ್ತದೆ. ಸಾಮಾನ್ಯ ಕನ್ನಡಿ ಬೆಳಕನ್ನು ಬೇರೆ ದಿಕ್ಕಿಗೆ ಚೆಲ್ಲಿಬಿಡಬಹುದು. ಪ್ರತಿಫಲಕವಾದರೋ ಬೆಳಕು ಬಂದ ಕಡೆಗೇ ಅದನ್ನು ಹಿಂದಿರುಗಿಸುತ್ತದೆ. ಕಾರಿನ ದೀಪದಿಂದ ಹೋದ ಬೆಳಕು ಆ ದೀಪದ ಬಳಿಯಲ್ಲೇ ಕುಳಿತ ಚಾಲಕನ ಕಣ್ಣಿಗೆ ಮರಳುತ್ತದೆ. ಇರುಳಲ್ಲಿ ಬೆಕ್ಕಿನ ಕಣ್ಣು ಹೊಳೆಯುವ ಬಗೆಯೂ ಹೆಚ್ಚುಕಡಿಮೆ ಇದೇ. 1930ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ಪರ್ಸಿ ಶಾ ಎಂಬವರು ರಸ್ತೆಯ ನಡುವೆ ಹೂಳುವ ಹೊಳೆಯುವ ಗುಂಡಿಗಳನ್ನು ರೂಪಿಸಿ, ಬೆಕ್ಕಿನ ಕಣ್ಣು ಎಂಬ ಹೆಸರನ್ನೇ ಅವಕ್ಕೆ ಕೊಟ್ಟರು.

ಯಾವುದು ನಿಜವಾಗಿ ಉಪಯುಕ್ತ?

ಈ ಬಗ್ಗೆ ಜನರಲ್ಲಿರುವ ಕೆಲವು ಕಲ್ಪನೆಗಳು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ಸಂಚಾರ ಮುಚ್ಚಿದ ರಸ್ತೆಯೊಂದರಲ್ಲಿ ಇರುಳಲ್ಲಿ ನಡೆಸಿ, 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ. ಕಪ್ಪು ಉಡುಪಿನ ಸೈಕಲ್ ಸವಾರರನ್ನು ಚಾಲಕರು ಗುರುತಿಸಿದ್ದು ನೂರಕ್ಕೆ ಎರಡು ಬಾರಿ ಮಾತ್ರ. ಕಣ್ಣಿಗೆ ಹೊಡೆಯುವ ಹಳದಿ ಹಸಿರಿನ ಫ್ಲೋರೊಸೆಂಟ್ ಜಾಕೆಟ್ಟು ತೊಟ್ಟರೂ ಈ ಪ್ರಮಾಣ ಹದಿನೈದಕ್ಕೆ ನಿಂತಿತು. ಬೆಳಕನ್ನು ಮರಳಿಸುವ ಪಟ್ಟಿಗಳಿದ್ದ ಜಾಕೆಟ್ಟಿಗೆ ಐವತ್ತು. ಆ ಜಾಕೆಟ್ಟಿನ ಜೊತೆಗೆ ಮೊಣಕಾಲಿಗೂ ಹರಡಿಗೂ ಅಂಥದೇ ಪಟ್ಟಿ ಕಟ್ಟಿಕೊಂಡಾಗ ತೊಂಬತ್ತು!

ಇದರ ಕಾರಣ ತಿಳಿದುಕೊಳ್ಳುವಂಥದು. ಫ್ಲೋರೊಸೆಂಟ್ ಬಣ್ಣ ಹಗಲಿನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಹೊಳೆಯುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಬರಿಯ ಹಳದಿ ಬಟ್ಟೆ. ಕಾಲಿನ ಪಟ್ಟಿಯ ಗುಟ್ಟು ಇನ್ನೂ ಸ್ವಾರಸ್ಯದ್ದು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಅವರು 1973ರಲ್ಲಿ ತೋರಿಸಿಕೊಟ್ಟಂತೆ, ಕತ್ತಲಲ್ಲಿ ಮೈಯ ಕೀಲುಗಳಿಗೆ ಕಟ್ಟಿದ ಕೆಲವೇ ಬೆಳಕಿನ ಚುಕ್ಕಿಗಳು ಚಲಿಸತೊಡಗಿದರೆ ನೋಡುವವರಿಗೆ ಅದು ಮನುಷ್ಯನೆಂದು ಕೂಡಲೇ ಗೊತ್ತಾಗುತ್ತದೆ. ನಿಂತ ಚುಕ್ಕಿ ಕಲ್ಲಿನದೋ ಕಂಬದ್ದೋ ಆಗಿರಬಹುದು. ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುವ ಎರಡು ಚುಕ್ಕಿಗಳು ಪೆಡಲ್ ತುಳಿಯುವ ಕಾಲುಗಳಲ್ಲದೆ ಬೇರೇನೂ ಆಗಿರಲಾರವು. ಚಾಲಕನಿಗೆ ಬರಿಯ ಬೆಳಕು ಕಂಡರೆ ಸಾಲದು, ಅದು ಮನುಷ್ಯಜೀವವೆಂದು ಹೊಳೆಯಬೇಕು. ಬ್ರಿಟನ್ನಿನಲ್ಲಿ ಇರುಳ ಸವಾರಿಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಗೂ ಕೆಂಪು ಪ್ರತಿಫಲಕಗಳ ಜೊತೆಗೆ 1985ರ ಅಕ್ಟೋಬರಿನ ಬಳಿಕ ತಯಾರಾದ ಸೈಕಲ್ಲುಗಳ ಪೆಡಲುಗಳಲ್ಲೂ ಪ್ರತಿಫಲಕ ಕಡ್ಡಾಯವಾಗಿರುವುದನ್ನು ಇಲ್ಲಿ ನೆನೆಯಬಹುದು.

ಪ್ರತಿಫಲಕಕ್ಕೂ ಮಿತಿಯುಂಟು. ಕಾರಿನ ಬೆಳಕು ತನ್ನ ಮೇಲೆ ಬಿದ್ದಾಗ ಮಾತ್ರ ಅದು ಹೊಳೆಯುತ್ತದೆ. ಅಡ್ಡರಸ್ತೆಯಿಂದ ತಿರುಗುವ ವಾಹನದ ದೀಪ ಬೇರೆಡೆಗೆ ಮುಖ ಮಾಡಿರುವಾಗ ಅದು ನಿಷ್ಪ್ರಯೋಜಕ. ಆದುದರಿಂದ ಸ್ವಂತ ದೀಪಕ್ಕೆ ಬದಲಿಯಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ಎಂಬ ಕ್ರಮಕ್ಕೂ ಅರ್ಥವಿದೆ. ಕೆಂಪು ಕಂಡರೆ ವಾಹನ ನಮ್ಮ ಮುಂದೆ ಹೋಗುತ್ತಿದೆ, ಬಿಳಿ ಕಂಡರೆ ಎದುರಿಗೆ ಬರುತ್ತಿದೆ ಎಂಬುದನ್ನು ಬಣ್ಣವೇ ಹೇಳುತ್ತದೆ. ಹಿಂದೆ ಟೈರಿಗೆ ಉಜ್ಜಿ ಉರಿಯುತ್ತಿದ್ದ ಡೈನಮೋ ದೀಪ ತುಳಿತವನ್ನು ಭಾರವಾಗಿಸುತ್ತಿತ್ತು. ಸೈಕಲ್ ನಿಂತೊಡನೆ ಆರಿಹೋಗುತ್ತಿತ್ತು. ಇಂದು ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಎಲ್‌ಇಡಿ ದೀಪಕ್ಕೆ ಆ ತೊಂದರೆಯಿಲ್ಲ. ಪ್ರತಿಫಲಕ ಟೇಪಿಗೆ ಅಷ್ಟೂ ಬೇಡ.

ಬಡ ಸವಾರನ ಸೈಕಲ್ಲಿನಲ್ಲಿ ಇನ್ನೊಂದು ತೊಡಕಿದೆ, ಅದನ್ನು ಪುಸ್ತಕಗಳು ಹೇಳುವುದಿಲ್ಲ. ಹಿಂದಿನ ಮಡ್‌ಗಾರ್ಡಿನ ಮೇಲೆ ಕಾರ್ಖಾನೆಯೇ ಕೂರಿಸಿದ ಕೆಂಪು ಬಿಲ್ಲೆ ಇದ್ದರೂ ಹಾಲಿನ ಕ್ಯಾನು, ಪತ್ರಿಕೆಯ ಕಟ್ಟು, ಪಾವಿನ ಚೀಲ ಇಳಿಬಿದ್ದು ಅದನ್ನು ಮರೆಮಾಡಿರುತ್ತವೆ. ಇಲ್ಲವೇ ಕೆಸರು ಅಂಟಿ ಅದು ಮಂಕಾಗಿರುತ್ತದೆ. ಮಳೆಗಾಲದಲ್ಲಿ ಮೇಲೆ ಹೊದ್ದ ಕರಿಯ ರೇನ್‌ಕೋಟು ಉಳಿದ ಅಲ್ಪಸ್ವಲ್ಪವನ್ನೂ ನುಂಗಿಬಿಡುತ್ತದೆ. ಹೊರೆ ಹೊರುವ ಸೈಕಲ್ಲಿಗೆ ದೀಪವನ್ನೂ ಟೇಪನ್ನೂ ಹೊರೆಯ ಮೇಲೇ, ಕ್ಯಾನಿನ ಅಥವಾ ಚೀಲದ ಹೊರಮೈಗೇ ಹಚ್ಚಬೇಕು. ಒದ್ದೆ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸಬೇಕು. ಇದಕ್ಕೆ ಹಣ ಬೇಡ, ಯಾರಾದರೂ ಒಮ್ಮೆ ಹೇಳಿಕೊಟ್ಟರೆ ಸಾಕು.

ಕಾನೂನು ಎಲ್ಲಿ ನಿಂತಿದೆ?

ಹಿರಿಯ ಓದುಗರಿಗೆ ನೆನಪಿರಬಹುದು. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಸೈಕಲ್ಲಿಗೂ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ದೀಪವಿಲ್ಲದೆ ಇರುಳಲ್ಲಿ ಸೈಕಲ್ ತುಳಿದರೆ, ಇಬ್ಬರು ಕುಳಿತು ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು, ದಂಡ ಹಾಕುತ್ತಿದ್ದರು. ಸೀಮೆಎಣ್ಣೆಯ ಪುಟ್ಟ ದೀಪವನ್ನೋ ಟಾರ್ಚನ್ನೋ ಹಿಡಿದು ಆ ದಂಡದಿಂದ ತಪ್ಪಿಸಿಕೊಂಡವರ ಕಥೆಗಳು ಪ್ರತಿ ಊರಿನಲ್ಲೂ ಇವೆ. ಆ ಕಟ್ಟಳೆಗಳಲ್ಲಿ ಕಿರುಕುಳವೂ ಇತ್ತು, ಬಡವರಿಂದ ಕಾಸು ಕೀಳುವ ಚಾಳಿಯೂ ಇತ್ತು. ಅವು ಸವೆದುಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಅವುಗಳ ಜೊತೆಗೆ "ಇರುಳಿಗೆ ದೀಪ ಬೇಕು" ಎಂಬ ಸಾಮಾನ್ಯ ತಿಳಿವಳಿಕೆಯೂ ಸವೆದುಹೋಯಿತು. ರಸ್ತೆಯಲ್ಲಿ ವೇಗ ಕಡಿಮೆಯಿದ್ದ ಕಾಲದಲ್ಲಿ ಇದ್ದ ದೀಪ, ವೇಗ ಹೆಚ್ಚಿದ ಕಾಲದಲ್ಲಿ ಇಲ್ಲವಾಯಿತು.

1988ರ ಮೋಟಾರು ವಾಹನ ಕಾಯ್ದೆ ಹೆಸರೇ ಹೇಳುವಂತೆ ಮೋಟಾರು ವಾಹನಗಳನ್ನು ಕುರಿತದ್ದು. ಸೈಕಲ್ ಅದರ ಅರ್ಥದೊಳಗೆ ಬರುವುದಿಲ್ಲ. ಮೋಟಾರು ದ್ವಿಚಕ್ರಗಳಿಗೆ 2017ರ ಏಪ್ರಿಲಿನಿಂದ ಹಗಲಲ್ಲೂ ತಾನಾಗಿ ಉರಿಯುವ ಹೆಡ್‌ಲೈಟ್ ಕಡ್ಡಾಯವಾಯಿತು. ಅದೇ ರಸ್ತೆಯ ಸೈಕಲ್ಲಿಗೆ ಇರುಳಲ್ಲೂ ದೀಪವಿಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಸೈಕಲ್ಲುಗಳ ಪ್ರತಿಫಲಕಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಜಾರಿಯ ದಿನಾಂಕ ಮುಂದೂಡಿಕೆಯಾಗುತ್ತಾ ಬಂದರೂ ಅದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ತಯಾರಿಕೆಯ ಮೇಲಿನ ಆದೇಶವು ಹೊಸ ಸೈಕಲ್ಲುಗಳನ್ನಷ್ಟೇ ಮುಟ್ಟಬಲ್ಲದು. ಹತ್ತು ಹದಿನೈದು ವರ್ಷಗಳಿಂದ ಓಡುತ್ತಿರುವ, ಕೈಯಿಂದ ಕೈಗೆ ಮಾರಾಟವಾಗುವ ಕೋಟ್ಯಂತರ ಹಳೆಯ ಸೈಕಲ್ಲುಗಳಿಗೆ ಪ್ರತಿಫಲಕ ಹಚ್ಚುವವರು ಯಾರು?

138(1ಎ) ವಿಧಿಯಡಿ ರಾಜ್ಯಗಳು ರಚಿಸುವ ನಿಯಮಗಳು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಮತ್ತೆ ದಂಡದ ದಾರಿ ಹಿಡಿದರೆ ಹಳೆಯ ಕಿರುಕುಳವೇ ಮರುಕಳಿಸುತ್ತದೆ. ದಿನದ ಸಂಪಾದನೆಯಿಂದಲೇ ಮನೆ ನಡೆಸುವವನಿಗೆ ಐನೂರು ರೂಪಾಯಿ ದಂಡ ಹಾಕುವ ಬದಲು ನೂರು ರೂಪಾಯಿಯ ದೀಪವನ್ನು ಅಲ್ಲೇ ಹಚ್ಚಿಕೊಟ್ಟು ಕಳುಹಿಸುವುದು ಸರ್ಕಾರಕ್ಕೂ ಅಗ್ಗ, ಸಮಾಜಕ್ಕೂ ಮೇಲು.

ಹೊಣೆ ಸವಾರನೊಬ್ಬನದೇ?

ಇಷ್ಟೆಲ್ಲ ಹೇಳುವಾಗ ಒಂದು ಆಕ್ಷೇಪ ಏಳುವುದು ಸಹಜ. ಗುದ್ದುವವರು ಕಾರಿನವರು, ಉಪದೇಶ ಸೈಕಲ್ಲಿನವನಿಗೋ ಎಂಬುದು. ಆಕ್ಷೇಪದಲ್ಲಿ ನ್ಯಾಯವಿದೆ. ದೀಪವಿರಲಿಲ್ಲ ಎಂಬುದು ವೇಗದ ಚಾಲಕನಿಗೆ ಕ್ಷಮಾಪತ್ರವಾಗಕೂಡದು. ತನ್ನ ಬೆಳಕು ತಲುಪುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಇರುಳಲ್ಲಿ ಓಡಿಸಬೇಕೆಂಬುದು ಚಾಲನೆಯ ಮೊದಲ ಪಾಠ. ಬೀದಿಯಲ್ಲಿ ಕೆಟ್ಟು ನಿಂತ ಲಾರಿಗೂ, ಮಲಗಿದ ದನಕ್ಕೂ, ಅಡ್ಡ ಬರುವ ಮಗುವಿಗೂ ದೀಪವಿರುವುದಿಲ್ಲವಲ್ಲ!

ಐವತ್ತು ದಾಟಿದ ನಮ್ಮಂಥವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲ, ಮಸೂರ ಹಳದಿಯಾಗುತ್ತಾ ಮಬ್ಬಾಗುತ್ತಾ ಬರುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಮೇಲೆ ಹೇಳಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಕಿರಿಯ ಚಾಲಕರು ನೂರಕ್ಕೆ 51 ಬಾರಿ ಸೈಕಲ್ ಸವಾರರನ್ನು ಗುರುತಿಸಿದರೆ, ಹಿರಿಯ ಚಾಲಕರು ಗುರುತಿಸಿದ್ದು 27 ಬಾರಿ. ಎದುರಿನಿಂದ ಪ್ರಖರ ದೀಪ ಹೊಡೆದ ಬಳಿಕ ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಹಿರಿಯ ಕಣ್ಣು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆ ಕೆಲವು ಸೆಕೆಂಡುಗಳ ಕಾಲ ನಾವು ಕುರುಡರಾಗಿ ಓಡಿಸುತ್ತಿರುತ್ತೇವೆ. ನ್ಯಾಯಾಲಯವು ಹೆಡ್‌ಲೈಟುಗಳ ಪ್ರಖರತೆಯ ಬಗ್ಗೆ ಕೊಟ್ಟ ಸೂಚನೆಯ ಮಹತ್ವ ಇಲ್ಲೇ ಇರುವುದು. ಎದುರಿನ ಚಾಲಕನ ಕಣ್ಣು ಕುಕ್ಕುವ ದೀಪ, ಅವನ ಪಕ್ಕದಲ್ಲಿ ಸಾಗುತ್ತಿರುವ ಸೈಕಲ್ ಸವಾರನನ್ನು ಅಳಿಸಿಹಾಕುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮ್ಮ ಹೆದ್ದಾರಿಗಳಲ್ಲಿ ಅಕ್ಷರಶಃ ನಿಜವಾಗುತ್ತಿದೆ.

ಆಳುವವರ ಪಾಲೂ ಇದೆ. ಹೈದರಾಬಾದಿನ ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರ ಅಕ್ಟೋಬರಿನಲ್ಲಿ ಸೌರಫಲಕಗಳ ಚಾವಣಿಯುಳ್ಳ, ದೀಪಗಳಿರುವ 23 ಕಿಲೋಮೀಟರಿನ ಸೈಕಲ್ ಪಥ ತೆರೆಯಿತು. ಮೆಚ್ಚತಕ್ಕ ಕೆಲಸವೇ. ಆದರೆ ಹಾಲು ಹಂಚುವವನೂ ಕಾವಲುಗಾರನೂ ಓಡಾಡುವುದು ನಗರದ ಒಳಗಿನ, ಅಂಚು ಕಿತ್ತುಹೋದ, ಬೀದಿದೀಪ ಕೆಟ್ಟ ರಸ್ತೆಗಳಲ್ಲಿ. ಕೆಟ್ಟ ಬೀದಿದೀಪವೊಂದನ್ನು ಎರಡು ದಿನದಲ್ಲಿ ಸರಿಪಡಿಸುವ ವ್ಯವಸ್ಥೆ ಹೊಸ ಪಥದಷ್ಟೇ ಜೀವಗಳನ್ನು ಉಳಿಸಬಲ್ಲದು.

ನಾವು ಮಾಡಬಹುದಾದದ್ದು

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದು ನಮ್ಮ ಆಡಳಿತದ ಹಳೆಯ ರೂಢಿ. ನಿಯಮ ಬರಲಿ, ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಪ್ರತಿ ವಸತಿ ಸಂಕೀರ್ಣಕ್ಕೂ ಸೈಕಲ್ಲಿನಲ್ಲಿ ಬಂದುಹೋಗುವವರು ನಾಲ್ಕೈದು ಮಂದಿಯಾದರೂ ಇರುತ್ತಾರೆ. ಅವರ ಹೆಸರು ನಮಗೆ ಗೊತ್ತಿರುತ್ತದೆ, ಅವರ ಸೈಕಲ್ಲಿಗೆ ದೀಪವಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಒಂದು ಸಂಜೆ ಕೆಳಗಿಳಿದು ನೋಡಿದರೆ ತಿಳಿಯುತ್ತದೆ. ಹಿಂದಿನ ಕೆಂಪು ದೀಪವೊಂದು, ಕಾಲಿಗೆ ಕಟ್ಟುವ ಎರಡು ಹೊಳೆಯುವ ಪಟ್ಟಿ, ಒಂದು ಸುರುಳಿ ಟೇಪು, ಇಷ್ಟರ ವೆಚ್ಚ ನಾವು ಹಬ್ಬಕ್ಕೆ ಕೊಡುವ ಮಿಠಾಯಿ ಡಬ್ಬಿಗಿಂತ ಹೆಚ್ಚಾಗಲಾರದು. ನಮ್ಮ ಕನ್ನಡ ಸಂಘಗಳು ದಸರಾ, ರಾಜ್ಯೋತ್ಸವಗಳ ಸಂದರ್ಭದಲ್ಲಿ ಶಾಲು ಹಾರಗಳಿಗೆ ಮಾಡುವ ಖರ್ಚಿನ ಒಂದಂಶವನ್ನು ಇದಕ್ಕೆ ತೆಗೆದಿಟ್ಟರೆ ಒಂದು ಬಡಾವಣೆಯ ಎಲ್ಲ ಸೈಕಲ್ಲುಗಳೂ ಬೆಳಗಿಯಾವು.

ಇನ್ನೊಂದು ಮಾತು, ಇದು ನಮ್ಮ ವೃತ್ತಿಯಿಂದ ಬಂದದ್ದು. ಬ್ಯಾಂಕ್ ಖಾತೆಯುಳ್ಳ 18ರಿಂದ 70 ವರ್ಷದೊಳಗಿನ ಯಾರೇ ಆಗಲಿ ವರ್ಷಕ್ಕೆ ಕೇವಲ 20 ರೂಪಾಯಿ ಕಂತಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ಅಪಘಾತದಲ್ಲಿ ಮರಣ ಸಂಭವಿಸಿದರೆ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ಸಿಗುತ್ತದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ಕೇಂದ್ರ ಯೋಜನೆಯಡಿ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ಇದನ್ನು ಅರಿಯದೆ ಬಿಟ್ಟುಬಿಡುವವರೇ ಹೆಚ್ಚು. ನಮ್ಮ ಮನೆಗೆ ಪತ್ರಿಕೆ ತರುವ ಹುಡುಗನ ಹೆಸರು ಆ ವಿಮೆಯಲ್ಲಿ ಇದೆಯೇ ಎಂದು ಕೇಳಿ, ಇಲ್ಲವಾದರೆ ಅರ್ಜಿ ತುಂಬಿಕೊಡುವುದು ಹತ್ತು ನಿಮಿಷದ ಕೆಲಸ. ಆದರೂ ವಿಮೆಯೆಂಬುದು ಹೋದ ಜೀವದ ಬೆಲೆಯಲ್ಲ, ಉಳಿದವರಿಗೆ ಒಂದು ಆಸರೆ ಅಷ್ಟೆ. ಜೀವ ಉಳಿಸುವುದು ದೀಪ.

ಕಾರು ಓಡಿಸುವ ನಮ್ಮ ಮಕ್ಕಳಿಗೂ ಹೇಳಬೇಕಾದದ್ದಿದೆ. ಎದುರಿಗೆ ವಾಹನ ಬಂದಾಗ ದೀಪ ತಗ್ಗಿಸಿರಿ. ರಸ್ತೆಯ ಎಡ ಅಂಚು ಖಾಲಿಯಾಗಿ ಕಂಡರೂ ಅಲ್ಲಿ ಒಬ್ಬನಿರಬಹುದೆಂದು ಎಣಿಸಿರಿ. ಸೈಕಲ್ಲನ್ನು ದಾಟುವಾಗ ಒಂದು ಮೈಯಳತೆಗಿಂತ ಹೆಚ್ಚು ಜಾಗ ಬಿಡಿರಿ. ನಿಲ್ಲಿಸಿದ ಕಾರಿನ ಬಾಗಿಲು ತೆರೆಯುವ ಮುನ್ನ ಹಿಂದೆ ನೋಡಿರಿ. ಗಾಜು ಒರೆಸಿರಿ, ಕನ್ನಡಕದ ಸಂಖ್ಯೆ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಿರಿ.

ಮಳೆಗಾಲದಲ್ಲಿ ಬೆಳಗು ತಡವಾಗಿ ತೆರೆಯುತ್ತದೆ, ಸಂಜೆ ಬೇಗ ಮುಚ್ಚುತ್ತದೆ, ಗಾಜಿನ ಮೇಲೆ ನೀರಿಳಿಯುತ್ತಿರುತ್ತದೆ. ಕರಿಯ ರೇನ್‌ಕೋಟಿನ ಸವಾರ ಎಂದಿನಂತೆ ಹಾಲಿನೊಡನೆ ಬಂದೇ ಬರುತ್ತಾನೆ. ಮೊದಲ ಮಳೆ ಬೀಳುವ ಮುನ್ನ ಅವನ ಸೈಕಲ್ಲಿನ ಹಿಂದೆ ಒಂದು ಕೆಂಪು ದೀಪ ಉರಿಯುವಂತೆ ಮಾಡುವುದು ನಮ್ಮಿಂದ ಸಾಧ್ಯ. ಓದುಗರು ತಮ್ಮ ತಮ್ಮ ಕಟ್ಟಡಗಳಲ್ಲಿ, ಸಂಘಗಳಲ್ಲಿ ಈ ಮಾತನ್ನು ಎತ್ತಬೇಕೆಂಬುದು ನಮ್ಮ ವಿನಂತಿ.